ಚರ್ಮದ ಮಚ್ಚೆಗೆ ಸರಿಯಾದ ಹೆಸರು



ಮದುವೆಯಾಗಿ ಸಂಸಾರ ಹೂಡಿರುವ ತಮ್ಮೆಲ್ಲರ ಮುಂದೆ ನಾನು ಇಂದು ಚರ್ಮದ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ನಿಂತಿದ್ದೇನೆ. ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ ಇವು ನೆನಪಿಗೆ ಬರುವುದು ಸಹಜ. ಚರ್ಮದ ಮೇಲಣ ಒಂದು ಮಚ್ಚೆಗೂ ಸಂಸಾರದ ಸುಖಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧ ಎಷ್ಟು ಗಾಢವಾದುದೆಂಬುದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಎರಡು ಕುಟುಂಬಗಳ ಸಂಗತಿಯಿಂದ ತಿಳಿಸುತ್ತೇನೆ. ಅವರ ಹೆಸರು ಊರುಗಳು ನಮಗೆ ಬೇಡ.

ಮೊದಲನೆಯದು ಒಬ್ಬ ಎಳೆಯ ತಾಯಿಯ ಸಂಗತಿ. ಆಕೆಯ ತುಟಿಯ ಅಂಚಿನಲ್ಲಿಯೂ ಬೆರಳ ತುದಿಗಳಲ್ಲಿಯೂ ಹಾಲಿನಂತೆ ಬಿಳಿಯಾದ ಮಚ್ಚೆಗಳು ಮೂಡಿದ್ದವು. ಮನೆಯ ಹಿರಿಯರು ಅದನ್ನು ‘ಬಿಳಿ ಕುಷ್ಠ’ವೆಂದರು. ಆಕೆಯ ತಟ್ಟೆ ಲೋಟಗಳು ಬೇರೆಯಾದವು. ಐದು ತಿಂಗಳ ಮಗುವಿಗೆ ಮೊಲೆಹಾಲು ಬಿಡಿಸಿ ಹಸುವಿನ ಹಾಲು ಹಾಕಿದರು. ಕಡೆಗೆ ಆಕೆಯನ್ನು ತವರಿಗೆ ಕಳುಹಿಸಿ, ಮಗುವನ್ನು ತಮ್ಮಲ್ಲಿಯೇ ಇರಿಸಿಕೊಂಡರು. ಆ ಮಗುವನ್ನು ನಾನು ಮೊದಲು ಕಂಡದ್ದು ವಾಂತಿಭೇದಿಯಿಂದ ಬಳಲಿ, ಕಣ್ಣು ಗುಳಿಬಿದ್ದ ಸ್ಥಿತಿಯಲ್ಲಿ.

ಎರಡನೆಯದು ಒಬ್ಬ ರೈತನ ಸಂಗತಿ. ಆತನ ಮೊಣಕೈಯ ಬಳಿ ಮಾಸಲು ಬಣ್ಣದ ಒಂದು ಮಚ್ಚೆ ಎರಡು ವರ್ಷಗಳಿಂದ ಇತ್ತು. ನೋವಿಲ್ಲ, ತುರಿಕೆಯಿಲ್ಲ. ‘ಚಿಬ್ಬು, ತಾನಾಗಿ ಹೋಗುತ್ತದೆ’ ಎಂದು ಸುಮ್ಮನಿದ್ದರು. ಒಂದು ದಿನ ಬೀಡಿಯ ಬೆಂಕಿ ಕಿರುಬೆರಳನ್ನು ಸುಡುತ್ತಿದ್ದರೂ ಆತನಿಗೆ ಅರಿವಾಗದಿದ್ದುದನ್ನು ಹೆಂಡತಿ ಕಂಡು ಬೆದರಿ, ಕೈಹಿಡಿದು ಆಸ್ಪತ್ರೆಗೆ ಕರೆತಂದಳು. ಅಷ್ಟರಲ್ಲಿ ಆ ಕೈಯ ಎರಡು ಬೆರಳುಗಳು ಬಾಗಿಹೋಗಿದ್ದವು.

ಮೊದಲನೆಯ ಮನೆಯಲ್ಲಿ ಅಪಾಯವಿಲ್ಲದ ಮಚ್ಚೆಗೆ ಭಯಂಕರವಾದ ಹೆಸರಿಟ್ಟರು. ಎರಡನೆಯ ಮನೆಯಲ್ಲಿ ಅಪಾಯವಿದ್ದ ಮಚ್ಚೆಗೆ ಹಗುರವಾದ ಹೆಸರಿಟ್ಟರು. ಎರಡೂ ಕಡೆ ಮೊದಲು ಕೆಟ್ಟದ್ದು ಹೆಸರು. ಆಮೇಲೆ ಕೆಟ್ಟದ್ದು ಸಂಸಾರ. ಆದುದರಿಂದ ಚರ್ಮರೋಗಗಳ ಸರಿಯಾದ ಹೆಸರುಗಳನ್ನು ತಿಳಿಯುವುದು ಪಂಡಿತರ ಕೆಲಸವಷ್ಟೇ ಅಲ್ಲ, ಗಂಡಹೆಂಡಿರ ಕೆಲಸವೂ ಹೌದು.

ಬಿಳಿ ಮಚ್ಚೆಗೆ ಮೂರು ಹೆಸರು

ನಮ್ಮ ಕಡೆ ಬಿಳಿಯ ಅಥವಾ ಮಾಸಲು ಮಚ್ಚೆ ಕಂಡಾಗ ಮುಖ್ಯವಾಗಿ ಮೂರು ರೋಗಗಳನ್ನು ಬೇರ್ಪಡಿಸಿ ನೋಡಬೇಕು: ಚಿಬ್ಬು, ತೊನ್ನು ಮತ್ತು ಕುಷ್ಠ.

ಚಿಬ್ಬನ್ನು ಕೆಲವು ಕಡೆ ಸಿಬ್ಬು ಎನ್ನುತ್ತಾರೆ. ವೈದ್ಯರು ಚೀಟಿಯಲ್ಲಿ ‘ಪಿಟಿರಿಯಾಸಿಸ್ ವರ್ಸಿಕಲರ್’ ಎಂದು ಬರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಪಿಟಿರಾನ್’ ಎಂದರೆ ತೌಡು. ಈ ಮಚ್ಚೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ತೌಡಿನಂತಹ ಸಣ್ಣ ಹೊಟ್ಟು ಏಳುವುದರಿಂದ ಆ ಹೆಸರು ಬಂದಿತು. ಕತ್ತು, ಎದೆ, ಬೆನ್ನು, ತೋಳುಗಳ ಮೇಲೆ ಇದು ಹೆಚ್ಚು. ಚರ್ಮದ ಮೇಲೆಯೇ ವಾಸಿಸುವ ಒಂದು ಬಗೆಯ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ, ಬೆವರು ಜಿಡ್ಡುಗಳಿಂದ ಅತಿಯಾಗಿ ಬೆಳೆದಾಗ ಈ ರೋಗ ತೋರುತ್ತದೆ. ಕ್ಲೋಟ್ರಿಮಜೋಲ್, ಕೀಟೊಕೊನಜೋಲ್ ಮುಂತಾದ ಮುಲಾಮುಗಳಿಂದ ಗುಣವಾಗುತ್ತದೆ. ಆದರೆ ರೋಗ ಹೋದ ಮೇಲೂ ಚರ್ಮದ ಬಣ್ಣ ಮರಳಲು ಕೆಲವು ತಿಂಗಳು ಹಿಡಿಯಬಹುದು. ಔಷಧ ಫಲಿಸಲಿಲ್ಲವೆಂದು ಬೇಸರಪಡಬಾರದು.

ತೊನ್ನಿಗೆ ವೈದ್ಯರ ಹೆಸರು ‘ವಿಟಿಲಿಗೊ’ ಅಥವಾ ‘ಲ್ಯೂಕೊಡರ್ಮ’. ಲ್ಯೂಕೊ ಎಂದರೆ ಬಿಳಿ, ಡರ್ಮ ಎಂದರೆ ಚರ್ಮ. ಹೆಸರಿನ ಅರ್ಥ ‘ಬಿಳಿಚರ್ಮ’ ಎಂದಷ್ಟೇ. ನಮ್ಮ ಚರ್ಮದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಅವುಗಳನ್ನು ನಾಶಮಾಡಿದಲ್ಲಿ ಆ ಜಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಇಲ್ಲಿ ರೋಗಾಣುವೇ ಇಲ್ಲ. ಆದುದರಿಂದ ಮುಟ್ಟುವುದರಿಂದ, ಒಟ್ಟಿಗೆ ಉಣ್ಣುವುದರಿಂದ, ದಾಂಪತ್ಯದಿಂದ, ಮೊಲೆಹಾಲಿನಿಂದ ತೊನ್ನು ಹರಡಲಾರದು. ಕೆಲವು ವಂಶಗಳಲ್ಲಿ ಇದು ತುಸು ಹೆಚ್ಚಾಗಿ ಕಾಣುವುದುಂಟು. ಆದರೆ ತೊನ್ನಿರುವ ತಂದೆತಾಯಿಯರ ಮಕ್ಕಳಲ್ಲಿ ಬಹುಮಂದಿಗೆ ಇದು ಬರುವುದಿಲ್ಲ. ಮುಲಾಮುಗಳಿಂದಲೂ, ವಿಶೇಷ ಬೆಳಕಿನ ಚಿಕಿತ್ಸೆಯಿಂದಲೂ ಅನೇಕರಲ್ಲಿ ಬಣ್ಣ ಸ್ವಲ್ಪಮಟ್ಟಿಗೆ ಮರಳುತ್ತದೆ. ‘ಬಿಳಿ ಕುಷ್ಠ’, ‘ಶ್ವೇತಕುಷ್ಠ’ ಎಂಬ ಮಾತುಗಳನ್ನು ನಾವು ಬಿಟ್ಟುಬಿಡಬೇಕು. ತೊನ್ನಿಗೂ ಕುಷ್ಠಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಕುಷ್ಠಕ್ಕೆ ‘ಲೆಪ್ರಸಿ’ ಎಂದೂ ‘ಹ್ಯಾನ್ಸೆನ್ ಕಾಯಿಲೆ’ ಎಂದೂ ಹೆಸರುಂಟು. ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ 1873ರಲ್ಲಿ ಇದರ ರೋಗಾಣುವನ್ನು ಕಂಡುಹಿಡಿದುದರಿಂದ ಈ ಎರಡನೆಯ ಹೆಸರು. ಇದು ಪಾಪದ ಫಲವಲ್ಲ, ಶಾಪವಲ್ಲ. ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ಒಂದು ರೋಗಾಣುವಿನಿಂದ ಬರುವ ಕಾಯಿಲೆ. ಈ ಮಚ್ಚೆ ಹಾಲಿನಂತೆ ಬಿಳಿಯಾಗಿರುವುದಿಲ್ಲ. ತಿಳಿಬಿಳಿ ಅಥವಾ ತಾಮ್ರದ ಬಣ್ಣದ್ದಾಗಿರುತ್ತದೆ. ಮುಖ್ಯ ಗುರುತೆಂದರೆ ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಆ ಜಾಗ ಬೆವರದಿರಬಹುದು, ಕೂದಲು ಉದುರಿರಬಹುದು. ರೋಗಾಣು ನರಗಳನ್ನು ಹಿಡಿಯುವುದೇ ಇದಕ್ಕೆ ಕಾರಣ. ನರ ಕೆಟ್ಟಾಗ ಬೆರಳು ಬಾಗುತ್ತದೆ, ಪಾದ ಜೋಲುತ್ತದೆ, ಅರಿವಿಲ್ಲದೆ ಸುಟ್ಟ ಗಾಯಗಳಾಗುತ್ತವೆ.

ಮನೆಯಲ್ಲಿ ಗಂಡಹೆಂಡಿರು ಒಬ್ಬರಿಗೊಬ್ಬರು ಒಂದು ಸುಲಭ ಪರೀಕ್ಷೆ ಮಾಡಿಕೊಳ್ಳಬಹುದು. ಕಣ್ಣು ಮುಚ್ಚಿಸಿ, ಹತ್ತಿಯ ಒಂದು ಎಳೆಯಿಂದ ಮೊದಲು ಒಳ್ಳೆಯ ಚರ್ಮವನ್ನೂ ಅನಂತರ ಮಚ್ಚೆಯ ನಡುವನ್ನೂ ಮೆಲ್ಲಗೆ ಮುಟ್ಟಿ, ‘ಎಲ್ಲಿ ಮುಟ್ಟಿದೆ, ತೋರಿಸು’ ಎನ್ನಿರಿ. ತೋರಿಸಲಾಗದಿದ್ದರೆ ಮರುದಿನವೇ ಆರೋಗ್ಯ ಕೇಂದ್ರಕ್ಕೆ ಬರಬೇಕು. ಬೆನ್ನು, ಪೃಷ್ಠ, ಮೊಣಕೈಯ ಹಿಂಬದಿ ಇವು ತಮಗೆ ತಾವೇ ಕಾಣದ ಜಾಗಗಳು. ಸಂಗಾತಿಯ ಕಣ್ಣೇ ಅಲ್ಲಿ ವೈದ್ಯ. ಆದರೆ ಒಂದು ಎಚ್ಚರಿಕೆಯ ಮಾತು. ಕೆಲವರಲ್ಲಿ ಸ್ಪರ್ಶಜ್ಞಾನ ಉಳಿದಿದ್ದರೂ ಈ ರೋಗವಿರಬಹುದು. ಕಿವಿಯ ಹಾಲೆ ದಪ್ಪವಾದರೆ, ಮುಖದ ಚರ್ಮ ಎಣ್ಣೆ ಸವರಿದಂತೆ ಹೊಳೆದು ದಪ್ಪಗಾದರೆ, ಕೈಕಾಲು ಜೋಮು ಹಿಡಿದರೆ, ಆಗಲೂ ಬಂದು ತೋರಿಸಬೇಕು.

ಇದರ ಚಿಕಿತ್ಸೆಯ ಹೆಸರು ‘ಬಹು ಔಷಧ ಚಿಕಿತ್ಸೆ’, ಅಂದರೆ ಎಂ.ಡಿ.ಟಿ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಎಂಬ ಮದ್ದುಗಳನ್ನು ಸೇರಿಸಿ ಕೊಡುತ್ತಾರೆ. ರೋಗಾಣು ಕಡಮೆಯಿರುವವರಿಗೆ 6 ತಿಂಗಳು, ಹೆಚ್ಚಿರುವವರಿಗೆ 12 ತಿಂಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಪೂರ್ಣ ಉಚಿತ. ರಿಫಾಂಪಿಸಿನ್ ನುಂಗಿದಾಗ ಮೂತ್ರ ಕೆಂಪಾಗುವುದೂ ಕ್ಲೋಫಜಿಮಿನ್‌ನಿಂದ ಚರ್ಮ ಕಪ್ಪಾಗುವುದೂ ಔಷಧದ ಗುಣಗಳು. ಅಂಜಿ ನಿಲ್ಲಿಸಬಾರದು, ಅವು ಕ್ರಮೇಣ ಸರಿಹೋಗುತ್ತವೆ. ಚಿಕಿತ್ಸೆ ಪ್ರಾರಂಭವಾದ ಅಲ್ಪಕಾಲದಲ್ಲಿಯೇ ರೋಗ ಹರಡುವ ಶಕ್ತಿ ಅಡಗುತ್ತದೆ. ಆದುದರಿಂದ ರೋಗಿಯನ್ನು ಮನೆಯಿಂದ ಹೊರಗಿಡಬೇಕಾದ ಕಾರಣವೇ ಇಲ್ಲ. ಜೊತೆಯಲ್ಲಿ ವಾಸಿಸುವವರನ್ನು ಪರೀಕ್ಷಿಸಿ, ಯೋಗ್ಯರಾದವರಿಗೆ ಮುನ್ನೆಚ್ಚರಿಕೆಯಾಗಿ ರಿಫಾಂಪಿಸಿನ್ ಒಂದೇ ಬಾರಿ ಕೊಡುವ ಕ್ರಮವೂ ಇದೆ.

ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಎಂ.ಡಿ.ಟಿ. ಮುಂದುವರಿಸಬಹುದು, ಮಗುವಿಗೆ ಹಾಲು ಬಿಡಿಸಬೇಕಾಗಿಲ್ಲ. ಆದರೆ ಗರ್ಭಕಾಲದಲ್ಲಿ ಮತ್ತು ಹೆರಿಗೆಯ ನಂತರದ ತಿಂಗಳುಗಳಲ್ಲಿ ನರ ನೋಯುವುದು, ಮಚ್ಚೆ ಕೆಂಪೇರಿ ಊದುವುದು ಕಂಡರೆ ತಡಮಾಡದೆ ಬರಬೇಕು. ಗರ್ಭನಿರೋಧಕ ನುಂಗುವ ಮಾತ್ರೆಗಳನ್ನು ಬಳಸುವವರು ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು, ಏಕೆಂದರೆ ರಿಫಾಂಪಿಸಿನ್ ಆ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸಬಲ್ಲದು.

ಇನ್ನೊಂದು ಸಂಗತಿಯನ್ನೂ ತಾವು ತಿಳಿದಿರಬೇಕು. ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ವಿಧಿಗಳನ್ನು 2019ರಲ್ಲಿ ಸಂಸತ್ತು ನಮ್ಮ ವಿವಾಹ ಕಾಯಿದೆಗಳಿಂದ ತೆಗೆದುಹಾಕಿತು. ಗುಣವಾಗುವ ಕಾಯಿಲೆಯೊಂದು ದಾಂಪತ್ಯವನ್ನು ಮುರಿಯಬಾರದೆಂಬುದೇ ಇದರ ತಾತ್ಪರ್ಯ.

ಹುಳುವಿಲ್ಲದ ಹುಳುಕಡ್ಡಿ

ಇನ್ನು ತುರಿಕೆಯ ರೋಗಗಳು. ಚರ್ಮದ ಮೇಲೆ ಬಳೆಯಂತೆ ದುಂಡಗೆ ಹರಡಿ, ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗುವ ರೋಗವನ್ನು ನಾವು ಹುಳುಕಡ್ಡಿ, ಗಜಕರ್ಣ ಎನ್ನುತ್ತೇವೆ. ವೈದ್ಯರು ‘ಟೀನಿಯಾ’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯ ಆ ಮಾತಿಗೂ ಹುಳುವೆಂದೇ ಅರ್ಥ! ಆದರೆ ಇಲ್ಲಿ ಹುಳುವಿಲ್ಲ, ಇರುವುದು ಶಿಲೀಂಧ್ರ. ಮೈಮೇಲಿದ್ದರೆ ಟೀನಿಯಾ ಕಾರ್ಪೊರಿಸ್, ತೊಡೆಯ ಸಂದಿಯಲ್ಲಿದ್ದರೆ ಟೀನಿಯಾ ಕ್ರೂರಿಸ್, ತಲೆಯಲ್ಲಿದ್ದರೆ ಟೀನಿಯಾ ಕ್ಯಾಪಿಟಿಸ್, ಪಾದದಲ್ಲಿದ್ದರೆ ಟೀನಿಯಾ ಪೀಡಿಸ್. ಊರು ಬೇರೆ, ಕುಲ ಒಂದೇ.

ಒದ್ದೆ ಬಟ್ಟೆ, ಬಿಗಿಯಾದ ಉಡುಪು, ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸುವುದು ಇವು ಶಿಲೀಂಧ್ರಕ್ಕೆ ಅನುಕೂಲ. ಒಬ್ಬರಿಗೆ ಬಂದರೆ ಮನೆಮಂದಿಯೆಲ್ಲರ ಚರ್ಮವನ್ನು ನೋಡಿ, ರೋಗವಿದ್ದವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಮುಲಾಮನ್ನು ಮಚ್ಚೆಯ ಅಂಚಿನಾಚೆಗೆ ಒಂದು ಬೆರಳಗಲದಷ್ಟು ಸೇರಿಸಿ ಹಚ್ಚಬೇಕು. ಮಚ್ಚೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ರೋಗ ಹರಡಿದ್ದರೆ ನುಂಗುವ ಮಾತ್ರೆ ಬೇಕಾಗುತ್ತದೆ. ಗ್ರೈಸಿಯೋಫಲ್ವಿನ್ ಎಂಬ ಮಾತ್ರೆಯನ್ನು ಗರ್ಭಿಣಿಯರು ನುಂಗಕೂಡದು. ಗಂಡಸರು ನುಂಗಿದರೂ ಮುಗಿದ ಮೇಲೆ 6 ತಿಂಗಳವರೆಗೆ ಮಗು ಪಡೆಯುವ ಯೋಚನೆಯನ್ನು ಮುಂದೂಡಬೇಕೆಂದು ಸಲಹೆಯಿದೆ. ಆದುದರಿಂದ ಮಾತ್ರೆ ಬರೆಯುವಾಗ ‘ಮನೆಯವರು ಬಸಿರಿಯಾಗಿರಬಹುದು’, ‘ಮಗುವಿಗೆ ಪ್ರಯತ್ನಿಸುತ್ತಿದ್ದೇವೆ’ ಎಂಬ ಮಾತನ್ನು ಸಂಕೋಚವಿಲ್ಲದೆ ಹೇಳಿರಿ.

ನುಸಿಯಿರುವ ಕಜ್ಜಿ

ಹುಳುಕಡ್ಡಿಯಲ್ಲಿ ಹುಳುವಿಲ್ಲ ಎಂದೆ. ಆದರೆ ಹೆಸರಿನಲ್ಲಿ ಹುಳುವಿಲ್ಲದ ತುರಿಕಜ್ಜಿಯಲ್ಲಿ ಮಾತ್ರ ನಿಜವಾಗಿಯೂ ಜೀವಿಯೊಂದು ಅಡಗಿದೆ! ಇದಕ್ಕೆ ವೈದ್ಯರ ಹೆಸರು ‘ಸ್ಕೇಬೀಸ್’. ತೆಂಗಿನ ಕಾಯಿಗೆ ನುಸಿ ಹಿಡಿಯುವುದನ್ನು ತಾವು ಕಂಡಿರುವಿರಿ. ಅದೇ ಬಗೆಯ, ಆದರೆ ಬೇರೆ ಜಾತಿಯ ಸಣ್ಣ ನುಸಿಯೊಂದು ಮನುಷ್ಯನ ಚರ್ಮವನ್ನು ಕೊರೆದು, ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳಿನ ಸುತ್ತ, ಸೊಂಟ, ಗುಪ್ತಾಂಗ, ಸ್ತ್ರೀಯರಲ್ಲಿ ಸ್ತನದ ತೊಟ್ಟಿನ ಬಳಿ ಗುಳ್ಳೆಗಳೇಳುತ್ತವೆ. ರಾತ್ರಿಯ ಹೊತ್ತು ತುರಿಕೆ ಹೆಚ್ಚು.

ಒಂದೇ ಹಾಸಿಗೆಯಲ್ಲಿ ಮಲಗುವ ಗಂಡ, ಹೆಂಡತಿ, ಮಕ್ಕಳಿಗೆ ಇದು ಬೇಗ ಹರಡುತ್ತದೆ. ಇಲ್ಲಿ ನಡೆಯುವ ಒಂದು ತಪ್ಪನ್ನು ತಿಳಿಸುತ್ತೇನೆ. ಮೊದಲ ಬಾರಿ ನುಸಿ ಹತ್ತಿದವರಿಗೆ ತುರಿಕೆ ತೋರಲು 4ರಿಂದ 6 ವಾರ ಬೇಕು. ಆದುದರಿಂದ ತುರಿಕೆಯಿಲ್ಲದವರಲ್ಲಿಯೂ ನುಸಿ ಇರಬಹುದು. ತುರಿಸುವವರೊಬ್ಬರೇ ಔಷಧ ಹಚ್ಚಿಕೊಂಡರೆ ಉಳಿದವರಿಂದ ಅದು ಮತ್ತೆ ಮರಳುತ್ತದೆ. ‘ಇವರಿಂದ ನನಗೆ ಬಂತು’, ‘ಇವಳಿಂದ ನನಗೆ ಬಂತು’ ಎಂದು ಜಗಳವಾಗುತ್ತದೆ, ಇಲ್ಲದ ಸಂದೇಹಗಳು ಹುಟ್ಟುತ್ತವೆ. ನುಸಿಗೆ ನಡತೆಯ ಭೇದವಿಲ್ಲ. ಮಗುವನ್ನು ಎತ್ತಿಕೊಂಡರೂ ಬಂದೀತು.

ಚಿಕಿತ್ಸೆ ಹೀಗೆ. ಪರ್ಮೆಥ್ರಿನ್ 5 ಪ್ರತಿಶತ ಮುಲಾಮನ್ನು ಮನೆಯವರೆಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರುಗಳ ಅಡಿಯನ್ನೂ ಬೆರಳ ಸಂದುಗಳನ್ನೂ ಬಿಡದೆ ಹಚ್ಚಿಕೊಳ್ಳಬೇಕು. 8ರಿಂದ 14 ಗಂಟೆಗಳ ನಂತರ ಸ್ನಾನ ಮಾಡಬೇಕು. ಒಂದು ವಾರದ ಬಳಿಕ ವೈದ್ಯರ ಸೂಚನೆಯಂತೆ ಮತ್ತೊಮ್ಮೆ. ಎಳೆ ಕೂಸುಗಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಮರುದಿನ ಬೆಳಿಗ್ಗೆ ಉಟ್ಟ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟದೆ ಇಟ್ಟರೆ ನುಸಿ ತಾನಾಗಿ ಸಾಯುತ್ತದೆ. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುವುದುಂಟು. ಅದಕ್ಕಾಗಿ ದಿನವೂ ಮುಲಾಮು ಬಳಿಯಬಾರದು.

ಬಂಗು ಮತ್ತು ಸರ್ಪಸುತ್ತು

ಬಸುರಿಯರ ಕೆನ್ನೆ, ಹಣೆ, ಮೂಗಿನ ಮೇಲೆ ಕಂದುಬಣ್ಣದ ಬಂಗು ಮೂಡುವುದುಂಟು. ಇದರ ವೈದ್ಯಕೀಯ ಹೆಸರು ‘ಮೆಲಾಸ್ಮ’. ಗರ್ಭಕಾಲದ ಹಾರ್ಮೋನುಗಳೂ ಬಿಸಿಲೂ ಇದಕ್ಕೆ ಕಾರಣ. ಹೆರಿಗೆಯ ನಂತರ ಅನೇಕರಲ್ಲಿ ತಿಳಿಯಾಗುತ್ತದೆ. ಮಾಲಾ-ಎನ್‌ನಂತಹ ಹಾರ್ಮೋನಿನ ಮಾತ್ರೆ ನುಂಗುವ ಕೆಲವರಲ್ಲಿಯೂ ಬಂಗು ಬರಬಹುದು. ಹಾಗಾದಲ್ಲಿ ಮಾತ್ರೆಯನ್ನು ಗುಟ್ಟಾಗಿ ನಿಲ್ಲಿಸಿ, ಬೇಡದ ಬಸಿರಿಗೆ ಎಡೆಗೊಡಬೇಡಿರಿ. ಬಂದು ಕೇಳಿದರೆ ಕಾಪರ್-ಟಿಯಂತಹ ಹಾರ್ಮೋನಿಲ್ಲದ ವಿಧಾನವನ್ನು ಸೂಚಿಸಬಹುದು.

ಸೊಂಟ ಅಥವಾ ಎದೆಯ ಒಂದೇ ಪಕ್ಕದಲ್ಲಿ ಉರಿ, ನೋವಿನೊಡನೆ ಸಾಲಾಗಿ ಏಳುವ ಗುಳ್ಳೆಗಳಿಗೆ ನಾವು ಸರ್ಪಸುತ್ತು ಎನ್ನುತ್ತೇವೆ. ವೈದ್ಯರು ‘ಹರ್ಪಿಸ್ ಜೋಸ್ಟರ್’ ಎನ್ನುತ್ತಾರೆ. ಹರ್ಪಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ತೆವಳುವುದು, ಜೋಸ್ಟರ್ ಎಂದರೆ ನಡುಕಟ್ಟು. ಅವರೂ ನಮ್ಮಂತೆಯೇ ಕಂಡರು. ಆದರೆ ಇಲ್ಲಿ ಸರ್ಪವೂ ಇಲ್ಲ, ದೋಷವೂ ಇಲ್ಲ. ಹಿಂದೆ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುತ್ತದೆ. ತಲೆ ಬಾಲ ಕೂಡಿದರೆ ಸಾವೆಂಬುದು ಸುಳ್ಳು ಭಯ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಏಸೈಕ್ಲೋವಿರ್‌ನಂತಹ ಮಾತ್ರೆ ಪ್ರಾರಂಭಿಸಿದರೆ ಬಹಳ ಪ್ರಯೋಜನ. ಕಣ್ಣಿನ ಬಳಿ ಎದ್ದರೆ ಅಂದೇ ಬರಬೇಕು.

ಟ್ಯೂಬಿನ ಮೇಲಣ ಹೆಸರು

ಅಂಗಡಿಯಲ್ಲಿ ಕೊಂಡ ಮುಲಾಮಿನ ಟ್ಯೂಬನ್ನು ಓದುವುದನ್ನು ಕಲಿಯಿರಿ. ಮನೆಯಲ್ಲಿ ಓದು ಬಲ್ಲ ಮಕ್ಕಳಿಂದ ಓದಿಸಿರಿ. ಹೆಸರಿನ ಕೊನೆಯಲ್ಲಿ ಕ್ಲೋಟ್ರಿಮಜೋಲ್, ಮೈಕೊನಜೋಲ್ ಎಂಬಂತೆ ‘ಅಜೋಲ್’ ಇದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರದ ಮದ್ದು. ‘ಮೈಸಿನ್’ ಎಂದಿದ್ದರೆ ಬ್ಯಾಕ್ಟೀರಿಯಾದ ಮದ್ದು. ಕ್ಲೋಬೆಟಸೋಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದು ‘ಸ್ಟಿರಾಯ್ಡ್’.

ಸ್ಟಿರಾಯ್ಡ್ ಕೆಟ್ಟ ಮದ್ದಲ್ಲ. ಇಸಬಿಗೆ, ಅಂದರೆ ಎಕ್ಸಿಮಾಕ್ಕೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಮದ್ದು. ಆದರೆ ಹುಳುಕಡ್ಡಿಗೆ ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ಅಡಗಿ, ಒಳಗೊಳಗೇ ಶಿಲೀಂಧ್ರ ಹಬ್ಬುತ್ತದೆ. ಮಚ್ಚೆಯ ಗುರುತೇ ಬದಲಾಗಿ ವೈದ್ಯರಿಗೂ ಕಂಡುಹಿಡಿಯುವುದು ಕಷ್ಟವಾಗುತ್ತದೆ. ಇದಕ್ಕೆ ‘ಟೀನಿಯಾ ಇನ್‌ಕಾಗ್ನಿಟೊ’, ಅಂದರೆ ವೇಷ ಮರೆಸಿದ ಹುಳುಕಡ್ಡಿ ಎಂದೇ ಹೆಸರು. ಮುಖ ಬೆಳ್ಳಗಾಗಲೆಂದು ಇಂತಹ ಮುಲಾಮನ್ನು ಬಂಗಿಗೆ ಹಚ್ಚುವ ಹೆಣ್ಣುಮಕ್ಕಳಲ್ಲಿ ಚರ್ಮ ತೆಳುವಾಗಿ, ಕೆಂಪು ನರಗಳು ಕಂಡು, ಮೊಡವೆ ಕೂದಲುಗಳು ಏಳುತ್ತವೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ವಿಧಿಸಿದೆ. ಅಂಗಡಿಯವರು ಕೊಟ್ಟರೂ ತಾವು ಕೊಳ್ಳಬಾರದು.

ಕಡೆಯದಾಗಿ, ಆ ಎರಡು ಕುಟುಂಬಗಳ ಮಾತು. ಮಗುವನ್ನು ಕರೆತಂದ ತಂದೆಗೆ ಹೇಳಿ ಕಳುಹಿಸಿ ತಾಯಿಯನ್ನು ಕರೆಸಿದೆ. ಅತ್ತೆಯ ಎದುರಿಗೇ ಆಕೆಯ ಮಚ್ಚೆಗಳ ಮೇಲೆ ಹತ್ತಿಯ ಎಳೆ ಆಡಿಸಿದೆ. ಪ್ರತಿ ಬಾರಿಯೂ ಆಕೆ ಕಣ್ಣು ಮುಚ್ಚಿಯೇ ಸರಿಯಾಗಿ ತೋರಿಸಿದಳು. ಇದು ತೊನ್ನು, ಅಂಟುವುದಿಲ್ಲ ಎಂದು ತಿಳಿಸಿ, ಕುಷ್ಠವೇ ಆಗಿದ್ದರೂ ತಾಯಿಯನ್ನು ಮಗುವಿನಿಂದ ಅಗಲಿಸಬೇಕಾಗಿರಲಿಲ್ಲವೆಂದೂ ಹೇಳಿದೆ. ಮಗು ಮತ್ತೆ ತಾಯಿಯ ಮಡಿಲು ಸೇರಿತು. ಹಾಲು ಮರಳಲು ಕೆಲವು ದಿನಗಳು ಹಿಡಿದವು. ಆಕೆಯ ಬಿಳಿ ಮಚ್ಚೆಗಳು ಇಂದಿಗೂ ಇವೆ. ಆಕೆ ತನ್ನ ಮನೆಯಲ್ಲಿಯೇ ಇದ್ದಾಳೆ.

ಆ ರೈತ 12 ತಿಂಗಳು ತಪ್ಪದೆ ಮದ್ದು ನುಂಗಿದ. ಪ್ರತಿ ತಿಂಗಳೂ ಹೆಂಡತಿ ಜೊತೆಗೆ ಬಂದಳು. ರೋಗ ಪೂರ್ಣವಾಗಿ ಗುಣವಾಯಿತು. ಆದರೆ ಬಾಗಿದ ಆ ಎರಡು ಬೆರಳುಗಳು ಮಾತ್ರ ಹಾಗೆಯೇ ಉಳಿದವು. ಮಚ್ಚೆಯನ್ನು ಮೊದಲ ವರ್ಷವೇ ತೋರಿಸಿದ್ದರೆ ಆ ಬೆರಳುಗಳು ಇಂದು ನೇಗಿಲನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಈ ವಾರ ಬಿಡುವಿದ್ದಾಗ, ಹಗಲಿನ ಬೆಳಕಿನಲ್ಲಿ, ಗಂಡ ಹೆಂಡತಿಯ ಬೆನ್ನನ್ನೂ ಹೆಂಡತಿ ಗಂಡನ ಬೆನ್ನನ್ನೂ ಇಬ್ಬರೂ ಸೇರಿ ಮಕ್ಕಳ ಮೈಯನ್ನೂ ನೋಡಿರಿ. ಮಚ್ಚೆ ಕಂಡರೆ ತಾವಾಗಿ ಹೆಸರಿಡಬೇಡಿರಿ, ನೆರೆಯವರಿಂದ ಇಡಿಸಲೂ ಬೇಡಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಇಬ್ಬರೂ ಜೊತೆಯಾಗಿ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಸರಿಯಾದ ಹೆಸರನ್ನು ನಾವು ಹೇಳುತ್ತೇವೆ. ಹೆಸರು ಸರಿಯಾದ ಮೇಲೆ ಮದ್ದಿನ ದಾರಿ ಸುಲಭ.